ಮಲಗಿದವನ ಹಾಡು

ವಾಚನಾಲಯದ ಹುಡುಗರು ಮನೆಗೆ ಬಂದು, "ಕಾಕಾ, ಈ ಸಲದ ಪುಸ್ತಕಕ್ಕ ನೀವೂ ಒಂದು ಲೇಖನ ಕೊಡ್ರಿ. ನಿಮಗೆ ಗೊತ್ತಿದ್ದ ಹಾಡಿನ ಮ್ಯಾಲೆ ಬರೀರಿ, ಅದರಾಗ ಏನು ಚಲೋ ಅದ, ಏನು ಚಲೋ ಇಲ್ಲ, ಎರಡೂ ಬರೀರಿ" ಅಂದರು. ನಾನು ಓದಿದ್ದು ಏಳನೇ ತರಗತಿ. ಒಕ್ಕಲುತನ ಮಾಡಿಕೊಂಡು, ರಾತ್ರಿ ಭಜನಿ ಮೇಳದಲ್ಲಿ ಹಾಡಿಕೊಂಡು ಅರವತ್ತು ದಾಟಿದವನು. ವಿಮರ್ಶೆ ಅಂತ ದೊಡ್ಡವರು ಬರೆಯೋದು ನನಗೆ ಬರೋದಿಲ್ಲ. ಆದರೆ ಸಂತೆಯಲ್ಲಿ ಎತ್ತು ನೋಡುವಾಗ ಹಲ್ಲು ನೋಡಿ, ಗೊರಸು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡತೀವಲ್ಲ, ಹಾಡನ್ನೂ ಹಂಗೇ ನೋಡಬಹುದು. ಅಷ್ಟು ನನಗೆ ಗೊತ್ತದ.

ನಾನು ನಡೆಸಿ ನೋಡಬೇಕು ಅಂದಿರೋದು ನಮ್ಮ ಸೀಮೆಯಲ್ಲೇ ಹುಟ್ಟಿದ ಎರಡು ಹಾಡು. ಒಂದು, ಗೋಪಾಲದಾಸರು ಧನ್ವಂತ್ರಿಗೆ ಬಿನ್ನಹ ಮಾಡಿಕೊಂಡ ಪದ. ಇನ್ನೊಂದು, ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ ಎರಡನೆಯದಾದ ಕರುಣಾ ಸಂಧಿ. ಮನಸ್ಸು ಕೆಸರಿನ ಗಾಡಿ ಹಂಗ ಹೂತು ನಿಂತವನನ್ನು ಹಾಡು ಎಬ್ಬಿಸಬಲ್ಲದೋ ಇಲ್ಲವೋ ಅನ್ನೋದು ನನ್ನ ಪ್ರಶ್ನೆ. ಇದನ್ನ ನಾನು ಪುಸ್ತಕ ನೋಡಿ ಕೇಳಿದ್ದಲ್ಲ. ಹೂತು ನಿಂತವನು ನಾನೇ ಆಗಿದ್ದೆ.

2019ರ ಕಾರಹುಣ್ಣಿಮೆ ಮುಂದೆ ನನ್ನ ಮನೆಯವಳು ತೀರಿಕೊಂಡಳು. ಮೂವತ್ತೆಂಟು ವರ್ಷ ಕೂಡಿ ಬಾಳಿದವಳು. ಮೊದಲ ತಿಂಗಳು ಅತ್ತೆ. ಅದು ಸರಿ. ಆಮೇಲೆ ಅಳುವೂ ನಿಂತು ಹೋಯಿತು. ಅದು ಸರಿ ಇರಲಿಲ್ಲ. ಮುಂಜಾನೆ ಎದ್ದರೆ ಯಾಕ ಎದ್ದೆ ಅನಿಸೋದು. ಹೊಲಕ್ಕೆ ಹೋದರೆ ಬದುವಿನ ಮ್ಯಾಲೆ ಕೂತು ಬರೋದು. ಆ ವರ್ಷದ ತೊಗರಿಗೆ ಎಡೆ ಹೊಡೆಯಲಿಲ್ಲ, ಕಳೆ ತೆಗೆಸಲಿಲ್ಲ. ತೊಗರಿಗಿಂತ ಕಸವೇ ಎತ್ತರ ಬಂತು. ಏಕತಾರಿ ಗೂಟಕ್ಕೆ ಹಾಕಿದ್ದು ಹಂಗೇ ಉಳಿಯಿತು, ಅದರ ಬುರುಡೆಯೊಳಗ ಜೇಡ ಮನೆ ಕಟ್ಟಿತು. 2020ರಲ್ಲಿ ಕರೋನಾ ಬಂದು ಎಲ್ಲ ಕಡೆ ಭಜನಿ ನಿಂತವು. ಊರಿನವರಿಗೆ ಅದು ತ್ರಾಸು. ನನಗೆ ಒಂದು ನೆವ ಸಿಕ್ಕಂಗಾಯಿತು. ಯಾರಾದರೂ "ಹಾಡೋದು ಬಿಟ್ಟೇನು?" ಅಂತ ಕೇಳಿದರೆ "ಬಂದ್ ಅದಲ್ಲಪ್ಪ" ಅಂತ ಹೇಳಿ ಗೋಡೆಗೆ ಮುಖ ಮಾಡಿ ಮಲಗತಿದ್ದೆ.

ಬಂದವರು ಸುಮ್ಮನೆ ಹೋಗಲಿಲ್ಲ. ಎಲ್ಲರೂ ಬುದ್ಧಿ ಹೇಳಿದರು. "ಗಂಡಸಾಗಿ ಹಿಂಗ ಕೂತರ ಹೆಂಗ?" ಅಂದರು ಕೆಲವರು. "ನಿನ್ನಂಗ ಎಷ್ಟು ಮಂದಿ ಕಳಕೊಂಡಾರ, ಅವರೆಲ್ಲ ಬದುಕಿಲ್ಲೇನು?" ಅಂದರು ಕೆಲವರು. ನಮ್ಮ ಮೇಳದವನೊಬ್ಬ ನನಗೆ ಕೇಳಲಿ ಅಂತಲೇ ಬಾಗಿಲ ಮುಂದೆ ನಿಂತು ಮನಸ್ಸಿಗೆ ಬುದ್ಧಿ ಹೇಳುವ ಪದ ಹಾಡಿದ. ನಮ್ಮ ತತ್ವಪದಗಳಲ್ಲೂ ದಾಸರ ಪದಗಳಲ್ಲೂ ಇಂಥ ಪದ ಬಹಳ ಅವ. ಮನಸ್ಸನ್ನ ಮಂಗ ಅಂತಾರ, ಹುಚ್ಚ ಅಂತಾರ, ಎಚ್ಚರಾಗು ಅಂತಾರ, ಎಲ್ಲ ಸುಳ್ಳು ಸಂತಿ ಅಂತಾರ. ನಾನೇ ಮೂವತ್ತು ವರ್ಷ ಅವನ್ನ ಎತ್ತರದ ದನಿಯಲ್ಲಿ ಹಾಡಿದವನು.

ಈ ಪದಗಳ ಬಗ್ಗೆ ನನ್ನ ತಕರಾರು ಇದು. ಅವು ಕೆಟ್ಟ ಪದ ಅಲ್ಲ. ಆದರೆ ಅವು ಓಡುವವನಿಗೆ ಕಟ್ಟಿದ ಪದ. ರೊಕ್ಕದ ಹಿಂದೆ, ಹೊಲದ ಗಡಿ ತಕರಾರಿನ ಹಿಂದೆ, ಹೆಸರಿನ ಹಿಂದೆ ಓಡುವವನಿಗೆ "ನಿಲ್ಲು, ಇದೆಲ್ಲ ಉಳಿಯೋದಿಲ್ಲ" ಅಂದರೆ ಅದು ಮದ್ದು. ನಿಂತು ಹೋದವನಿಗೆ ಅದೇ ಮಾತು ಹೇಳಿದರೆ ಏನಾಗತದ? "ಎಲ್ಲ ಸುಳ್ಳು" ಅಂತ ಅವನಿಗೆ ಮೊದಲೇ ಅನಿಸಿಬಿಟ್ಟದ. ಅವನ ರೋಗವೇ ಅದು. ಓಡುವ ಎತ್ತಿಗೆ ಹಗ್ಗ ಜಗ್ಗಬೇಕು. ಬಿದ್ದ ಎತ್ತಿಗೆ ಹಗ್ಗ ಜಗ್ಗಿದರೆ ಕುತ್ತಿಗೆ ಮುರೀತದ. ಮೂವತ್ತು ವರ್ಷ ನಾನು ಈ ಎರಡು ಎತ್ತಿನ ಫರಕು ನೋಡದೆ ಹಾಡಿದೆ. ನನ್ನ ಮುಂದೆ ಕೂತು ಕೇಳಿದವರಲ್ಲಿ ಬಿದ್ದವರು ಎಷ್ಟು ಮಂದಿ ಇದ್ದರೋ ಏನೋ.

ಈಗ ಆ ಎರಡು ಹಾಡಿಗೆ ಬರತೀನಿ. ಮೊದಲು ಅವು ಹುಟ್ಟಿದ ಕಥೆ. ಮಾಸ್ತರರಿಗೆ ಇದು ಗೊತ್ತಿದ್ದದ್ದೇ, ಹುಡುಗರ ಸಲುವಾಗಿ ಹೇಳತೀನಿ.

ಮಾನ್ವಿ ತಾಲೂಕಿನ ಬ್ಯಾಗವಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ದಾಸರೆಂದರೆ ಅವರಿಗೆ ತಾತ್ಸಾರ. ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ, ಹೊಟ್ಟೆನೋವಿನ ನೆವ ಹೇಳಿ ಹೋಗಲಿಲ್ಲ. ಆಮೇಲೆ ಖರೇನೇ ಹೊಟ್ಟೆನೋವು ಹತ್ತಿತು, ಅನ್ನ ಸೇರದಂಗಾಯಿತು. ಮಂತ್ರಾಲಯದಲ್ಲಿ ಸೇವೆ ಮಾಡಿದರು, ಅಲ್ಲಿ ಇಲ್ಲಿ ತಿರುಗಿದರು, ಕಡೆಗೆ ವಿಜಯದಾಸರ ಹತ್ತಿರವೇ ಬಂದರು. ಅವರು ತಮ್ಮ ಶಿಷ್ಯರಾದ ಗೋಪಾಲದಾಸರ ಕಡೆಗೆ ಕಳಿಸಿದರು. ಗೋಪಾಲದಾಸರು ಆಗ ಇದ್ದದ್ದು ಉತ್ತನೂರಿನಲ್ಲಿ. ಉತ್ತನೂರು ನಮ್ಮ ಗದ್ವಾಲ ಸೀಮೆಯಲ್ಲೇ, ಐಜ ಮಂಡಲದಲ್ಲಿ ಅದ. ಅಲ್ಲಿ ಗೋಪಾಲದಾಸರು ಧನ್ವಂತ್ರಿಗೆ ಹಾಡಿ ಬೇಡಿಕೊಂಡರು, ಜೋಳದ ರೊಟ್ಟಿ ತಿನ್ನಲು ಕೊಟ್ಟರು, ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆ ಎರೆದರು ಅಂತ ನಮ್ಮ ಕಡೆ ಹೇಳತಾರ. ಶ್ರೀನಿವಾಸಾಚಾರ್ಯರು ಗುಣವಾಗಿ ಪಂಢರಪುರಕ್ಕೆ ಹೋಗಿ ಜಗನ್ನಾಥವಿಠಲ ಅನ್ನುವ ಅಂಕಿತ ಪಡೆದು ದಾಸರಾದರು. ಗೋಪಾಲದಾಸರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲೇ ಹೋದರು. ಜಗನ್ನಾಥದಾಸರು 1809ರ ತನಕ, ಎಂಬತ್ತು ದಾಟಿ ಬದುಕಿದರು.

ಈ ಕಥೆಯನ್ನ ಪುರಾಣ ಹೇಳುವವರು ಹೆಂಗ ಹೇಳತಾರ? ಸೊಕ್ಕು ಮಾಡಿದ, ದಾಸರ ನಿಂದೆ ಮಾಡಿದ, ಅದಕ್ಕೇ ಹೊಟ್ಟೆಗೆ ರೋಗ ಬಂತು, ಶರಣಾದ, ರೋಗ ಹೋಯಿತು. ಮುಕ್ಕಾಲು ತಾಸು ಸೊಕ್ಕಿನ ಮಾತೇ ಹೇಳತಾರ. ರೊಟ್ಟಿಯ ಮಾತು ಬರೋ ಹೊತ್ತಿಗೆ ಮಂಗಳಾರತಿ ತಟ್ಟೆ ಬಂದಿರತದ. ನಾನು ಸಣ್ಣವನಿದ್ದಾಗಿನಿಂದ ಹಿಂಗೇ ಕೇಳಿದ್ದೆ, ಖುಷಿಪಟ್ಟಿದ್ದೆ. ನನ್ನ ಮನೆಯಾಕೆ ಹಾಸಿಗೆ ಹಿಡಿದಾಗ ಒಬ್ಬರು ಬಂದು, "ಏನೋ ಕರ್ಮ ಮಾಡಿರಬೇಕು ನೀವು" ಅಂದರು. ಆಕೆ ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ, ಕಣ್ಣು ಮುಚ್ಚಿದಳು. ಅವತ್ತಿನಿಂದ ನಾನು ಈ ಕಥೆಯನ್ನ ಆ ರೀತಿ ಹೇಳೋದನ್ನ ಒಪ್ಪೋದಿಲ್ಲ. ರೋಗಿಯ ಮುಂದೆ ರೋಗದ ಕಾರಣಕ್ಕೆ ಪಂಚಾಯಿತಿ ಮಾಡಬಾರದು.

ಗೋಪಾಲದಾಸರು ಆ ಪಂಚಾಯಿತಿ ಮಾಡಲೇ ಇಲ್ಲ. ಇದು ನಾನು ಕಲ್ಪಿಸಿ ಹೇಳುವ ಮಾತಲ್ಲ, ಅವರ ಪದದಲ್ಲೇ ಅದ. ಧನ್ವಂತ್ರಿ ಪದವನ್ನ ತೆಗೆದು ನೋಡ್ರಿ. ಇವ ಸೊಕ್ಕು ಮಾಡಿದ್ದ, ಈಗ ಬುದ್ಧಿ ಬಂದದ ಅಂತ ಅಲ್ಲಿ ಅವರು ಲೆಕ್ಕ ಒಪ್ಪಿಸೋದಿಲ್ಲ. ಅಷ್ಟು ದೊಡ್ಡ ಪಂಡಿತನನ್ನ ಸಣ್ಣವನು ಅಂತ ಕರೀತಾರ. ತಾಯಿ ದವಾಖಾನೆಯಲ್ಲಿ ಡಾಕ್ಟರ ಮುಂದೆ "ಇನ್ನೂ ಸಣ್ಣದು ಅದ ರೀ" ಅಂತಾಳಲ್ಲ, ಹಂಗ. ಕಾಡುವ ರೋಗ ಬಿಡಿಸು, ಕಾಪಾಡು ಅಂತ ಬೇಡತಾರ. ಅಷ್ಟೇ.

ಹಾಡುವವನಾಗಿ ನನಗೆ ಇದರಲ್ಲಿ ಮುಖ್ಯ ಅನಿಸಿದ್ದು ಒಂದು ಸಣ್ಣ ಸಂಗತಿ. ನಮ್ಮ ಭಕ್ತಿ ಪದಗಳಲ್ಲಿ ಹೆಚ್ಚಿನವು "ನಾನು" ಅಂತ ಇರತಾವ: ನನ್ನ ಕಾಯಿ, ನನ್ನ ಉದ್ಧರಿಸು. ಇಲ್ಲವೆಂದರೆ "ನೀನು" ಅಂತ ಇರತಾವ: ಮನವೇ, ನೀನು ಹಿಂಗ ಮಾಡಬ್ಯಾಡ. ಈ ಪದದಲ್ಲಿ "ಇವನು" ಇದ್ದಾನ. ಮೂರನೆಯವನು. ಹಾಡುವವನು ಒಬ್ಬ, ಕೇಳುವ ದೇವರು ಒಬ್ಬ, ಪಕ್ಕದಲ್ಲಿ ಸುಮ್ಮನೆ ಬಿದ್ದುಕೊಂಡವನು ಇನ್ನೊಬ್ಬ. ಬಿದ್ದವನು ಹಾಡಬೇಕಾಗಿಲ್ಲ, ಬೇಡಬೇಕಾಗಿಲ್ಲ, ನಂಬಬೇಕು ಅಂತಲೂ ಇಲ್ಲ. ಅವನ ಪಾಲಿನ ಕೆಲಸ ಇನ್ನೊಬ್ಬರು ಮಾಡಿಬಿಟ್ಟಾರ. ಹೊಲದಲ್ಲಿ ಒಬ್ಬನಿಗೆ ಜ್ವರ ಬಂದರೆ ಆತನ ಸಾಲನ್ನೂ ಪಕ್ಕದವನು ಕೊಯ್ದು ಬಿಡತಾನಲ್ಲ, ಮುಯ್ಯಿ ಆಳು ಅಂತೀವಲ್ಲ, ಇದು ಮುಯ್ಯಿ ಹಾಡು.

ಇದನ್ನ ಈಗ ಹಾಡುವ ರೀತಿಗೆ ನನ್ನದೊಂದು ಆಕ್ಷೇಪ ಅದ. ಮೈಕು, ಕೀಬೋರ್ಡು ಬಂದ ಮೇಲೆ ಈ ಪದವನ್ನೂ ಕುಣಿತದ ಲಯಕ್ಕೆ ತಂದಾರ. ಪಲ್ಲವಿಗೆ ನಾಲ್ಕು ಸಲ ಚಪ್ಪಾಳೆ. ರೋಗಿಯ ಮಂಚದ ಪಕ್ಕ ಕೂತು ಹಾಡುವ ಪದಕ್ಕೆ ಅಷ್ಟು ಅವಸರ ಯಾಕ? ಅದನ್ನ ಏಕತಾರಿಯ ಒಂದೇ ತಂತಿಯ ಮೇಲೆ, ಮಲಗಿದವನ ಉಸಿರು ಎಷ್ಟು ನಿಧಾನ ಅದನೋ ಅಷ್ಟೇ ನಿಧಾನಕ್ಕೆ ಹಾಡಬೇಕು. ಹಾಡಿ ನೋಡ್ರಿ, ಫರಕು ನಿಮಗೇ ತಿಳೀತದ.

ಇನ್ನು ಎರಡನೆಯ ಹಾಡು. 2021ರ ಶ್ರಾವಣದಲ್ಲಿ ನಮ್ಮೂರ ನಿವೃತ್ತ ಮಾಸ್ತರರು ಒಬ್ಬರು ನನ್ನ ಮನೆಗೆ ಬಂದರು. ಕೈಯಲ್ಲಿ ಹರಿಕಥಾಮೃತಸಾರದ ಹಳೇ ಪುಸ್ತಕ, ಅರ್ಥ ಸಹಿತ ಅಚ್ಚಾದದ್ದು. ಅವರು ನನಗೆ ಬುದ್ಧಿ ಹೇಳಲಿಕ್ಕೆ ಬಂದಿರಲಿಲ್ಲ. "ನನ್ನ ಕಣ್ಣಿಗೆ ಪೊರೆ ಬಂದದ, ಆಪರೇಶನ್ ದೀಪಾವಳಿ ಆದ ಮ್ಯಾಲೆ. ಅಲ್ಲಿ ತನಕ ದಿನಾ ಅರ್ಧ ತಾಸು ಓದಿ ಹೇಳತೀಯೇನಪ್ಪ?" ಅಂದರು. ನಾನು, "ಮಾಸ್ತರ್, ನನಗ ಕೂಡಲಿಕ್ಕೇ ಬ್ಯಾಸರ, ಓದೋದು ದೂರ" ಅಂದೆ. "ಕೂಡು ಅಂತ ಯಾರಂದ್ರು? ಮಲಗೇ ಓದು. ನನಗ ಕೇಳಿಸಿದರೆ ಸಾಕು" ಅಂದರು. ಬಾಜಿಲ್ಲದ ಮಾತು. ಹಂಗೇ ಮಲಗಿಕೊಂಡು, ಪುಸ್ತಕ ಎದೆ ಮೇಲೆ ಇಟ್ಟುಕೊಂಡು ತಡವರಿಸಿ ಓದಿದೆ.

ನಾಲ್ಕನೇ ದಿನವೋ ಐದನೇ ದಿನವೋ ಕರುಣಾ ಸಂಧಿಯಲ್ಲಿ ಒಂದು ಪದ್ಯ ಬಂತು. ಸಾಲನ್ನ ಇಲ್ಲಿ ಬರೆಯೋದಿಲ್ಲ, ಪುಸ್ತಕದಲ್ಲೇ ನೋಡ್ರಿ. ಅರ್ಥ ಇಷ್ಟು: ಮನುಷ್ಯ ಮಲಗಿಕೊಂಡೇ ಪ್ರೀತಿಯಿಂದ ಹಾಡಿದರೆ ದೇವರು ಕೂತು ಕೇಳತಾನ. ಇವ ಕೂತು ಹಾಡಿದರೆ ಅವ ಎದ್ದು ನಿಲ್ಲತಾನ. ಇವ ನಿಂತರೆ ಅವ ನಲಿದಾಡತಾನ. ಇವ ನಲಿದರೆ ಅವ ಒಲಿದೇ ಬಿಡತಾನ.

ಓದಿ ನಾನು ಸುಮ್ಮನಾದೆ. ಮಾಸ್ತರರು "ಯಾಕ, ಅಕ್ಷರ ಕಾಣವಲ್ದೇನು?" ಅಂದರು. ಮಲಗಿ ಓದುತ್ತಿದ್ದ ನನಗೆ ಆ ಪದ್ಯ "ಏಳು" ಅಂತ ಹೇಳಲಿಲ್ಲ. ಮಲಗಿದವನಿಂದಲೇ ಸುರುವಾಯಿತು. ಅದನ್ನ ನಾನು ಮೂವತ್ತು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೆ! ದೇವರು ಎಷ್ಟು ದೊಡ್ಡವ ಅಂತ ಹೇಳುವ ಪದ್ಯ ಅಂತ ತಿಳಿದಿದ್ದೆ. ಅದು ಮನುಷ್ಯ ಏಳುವ ಕ್ರಮವನ್ನ ಹೇಳುವ ಪದ್ಯ ಅಂತ ಅವತ್ತು ಹೊಳೀತು. ಮಲಗೋದು, ಕೂಡೋದು, ನಿಲ್ಲೋದು, ನಲಿಯೋದು. ನಾಲ್ಕು ಮೆಟ್ಟಲು. ಯಾವ ಮೆಟ್ಟಲಿನಲ್ಲೂ "ಇನ್ನೂ ಇಲ್ಲೇ ಇದ್ದೀಯೇನು?" ಅನ್ನುವ ಬೈಗುಳ ಇಲ್ಲ. ಪ್ರತಿ ಮೆಟ್ಟಲಲ್ಲೂ ಎದುರಿಗಿನವನು ಇವನಿಗಿಂತ ಒಂದು ಮೆಟ್ಟಲು ಮುಂದೆ ಇದ್ದು ಕಾಯತಾನ. ನಡೆಯಲು ಕಲಿಯುವ ಕೂಸಿನ ಮುಂದೆ ಅವ್ವ ಒಂದು ಹೆಜ್ಜೆ ಹಿಂದಕ್ಕೆ ಸರಿದು ಕೈ ಚಾಚತಾಳ ನೋಡ್ರಿ, ಥೇಟ್ ಹಂಗ.

ಇಂಥದ್ದನ್ನ ಗಟ್ಟಿ ಮೈಯ ಮನುಷ್ಯ ಬರೆಯಲಾರ. ಹೊಟ್ಟೆ ಹಿಡಿದುಕೊಂಡು ಎಷ್ಟೋ ದಿನ ಮಲಗಿದವನಿಗೆ ಮಾತ್ರ "ಮಲಗಿಕೊಂಡು ಹಾಡಿದರೂ ನಡೀತದ" ಅನ್ನೋದು ಮೊದಲು ನೆನಪಾಗತದ. ನಮ್ಮ ಶಾಸ್ತ್ರದವರು ಹಾಡಲಿಕ್ಕೆ ಸ್ನಾನ ಬೇಕು, ಮಡಿ ಬೇಕು, ಆಸನ ಬೇಕು ಅಂತಾರ. ಈ ಪಂಡಿತರು ಅವನ್ನೆಲ್ಲ ಕಲಿತವರೇ. ಆದರೂ ಮೊದಲ ಮೆಟ್ಟಲಿನಲ್ಲಿ ಮಂಚ ಇಟ್ಟರು.

ಇನ್ನೊಂದು ಮಾತು. ಪುಸ್ತಕದಲ್ಲಿ ಸಂಧಿಗಳನ್ನ ಜೋಡಿಸಿದ ಸಾಲು ನೋಡ್ರಿ. ಮೊದಲು ಮಂಗಳಾಚರಣೆ, ಆಮೇಲೆ ಕರುಣೆ, ಆಮೇಲೆ ವ್ಯಾಪ್ತಿ, ನಾಲ್ಕನೆಯದು ಭೋಜನ. ಊಟದ ಮೇಲೆ ಒಂದು ಇಡೀ ಸಂಧಿ! ಒಂದು ಊಟ ತಪ್ಪಿಸಿಕೊಂಡು ಕಷ್ಟಕ್ಕೆ ಬಿದ್ದವರು, ಅನ್ನ ಸೇರದೆ ನರಳಿದವರು, ಒಂದು ಜೋಳದ ರೊಟ್ಟಿಯಿಂದ ತಿರುಗಿ ಬದುಕಿದವರು, ಅನ್ನದಲ್ಲಿ, ಹಾಲಿನಲ್ಲಿ, ತುಪ್ಪದಲ್ಲಿ ದೇವರ ಯಾವ ಯಾವ ರೂಪ ಅದ ಅಂತ ಎಣಿಸುತ್ತಾ ಕೂತಾರ. ಪಂಡಿತರು ಇದಕ್ಕೆ ಬೇರೆ ದೊಡ್ಡ ಅರ್ಥ ಹೇಳತಾರ, ಅದು ಇರಲಿ. ನನಗೆ ಕಾಣೋದು, ಹಸಿವು ತಿರುಗಿ ಬಂದವನ ಸಂಭ್ರಮ. ಬಹಳ ದಿನ ಬಾಯಿ ರುಚಿ ಕೆಟ್ಟು, ಆಮೇಲೆ ಒಂದಿನ ಬಿಸಿ ರೊಟ್ಟಿ, ಪುಂಡಿಪಲ್ಯ ರುಚಿ ಹತ್ತಿದರೆ, ಎದುರಿಗಿದ್ದ ಉಪ್ಪಿನ ಬಟ್ಟಲಿಗೂ ಕೈ ಮುಗಿಯಬೇಕು ಅನಸತದ. ನನಗೆ ಅದು ಆ ವರ್ಷದ ಸೀಗೆ ಹುಣ್ಣಿಮೆ ದಿನ ಆಯಿತು. ಸೊಸಿ ಹೊಲಕ್ಕೆ ಕಟ್ಟಿಕೊಂಡು ಬಂದ ಬುತ್ತಿಯಲ್ಲಿ ಎರಡನೇ ರೊಟ್ಟಿ ಕೇಳಿದೆ. ಆಕಿ ಅತ್ತಳು.

ಹಾಡಿನ ನಡಿಗೆಯ ಬಗ್ಗೆಯೂ ಹೇಳಬೇಕು. ಹರಿಕಥಾಮೃತಸಾರ ಇರೋದು ಭಾಮಿನಿ ಷಟ್ಪದಿಯಲ್ಲಿ. ಕುಮಾರವ್ಯಾಸ ಭಾರತ ಹೇಳಿದ್ದೂ ಅದರಲ್ಲೇ. ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯ ನಡಿಗೆ. ಎರಡು ಕಾಲೂ ಸಮನಾಗಿ ಬೀಳುವ ಸಿಪಾಯಿ ನಡಿಗೆ ಅಲ್ಲ. ಒಂದು ಹೆಜ್ಜೆ ಗಿಡ್ಡ, ಒಂದು ಹೆಜ್ಜೆ ಉದ್ದ. ಬ್ಯಾನಿ ಬಿದ್ದು ಎದ್ದವನು ಕೋಲು ಹಿಡಿದು ಓಣಿಯಲ್ಲಿ ನಡೆದಂಗ. ನಾನು ಹಾಸಿಗೆಯಿಂದ ಎದ್ದು ಹೊಲದ ದಾರಿ ಹಿಡಿದ ದಿನಗಳಲ್ಲಿ ಈ ಲಯವನ್ನ ಬಾಯೊಳಗೇ ಅಂದುಕೊಂಡು ಹೋಗತಿದ್ದೆ. ಹೆಜ್ಜೆಗೆ ಅದು ಬರೋಬರಿ ಕೂಡತಿತ್ತು.

ಹಿಂಗಂತ ಈ ಗ್ರಂಥದಲ್ಲಿ ಎಲ್ಲ ನನಗೆ ಒಪ್ಪಿಗೆ ಅಂತಲ್ಲ. ಮೂರು ಕೊರತೆ ಹೇಳತೀನಿ.

ಒಂದು, ಭಾಷೆ. ಸಂಸ್ಕೃತ ಕಲಿತವರು ಕನ್ನಡಕ್ಕೆ ಇಳಿದು ಬಂದರು ಅಂತಾರ. ಪೂರಾ ಇಳಿಯಲಿಲ್ಲ, ಅರ್ಧ ಮೆಟ್ಟಲಲ್ಲಿ ನಿಂತರು. ಕರುಣಾ ಸಂಧಿ ತಿಳೀತದ; ಮುಂದ ಮುಂದ ಹೋದಂಗ ಅರ್ಥದ ಪುಸ್ತಕ ಇಲ್ಲದೆ ನಡೆಯೋದಿಲ್ಲ. ಅವರ ಗುರುಗಳಾದ ಗೋಪಾಲದಾಸರ ಪದ ಅದಕ್ಕಿಂತ ತಿಳಿ.

ಎರಡು, ಮೇಲು-ಕೀಳಿನ ತರತಮ ಲೆಕ್ಕ ಗ್ರಂಥದಲ್ಲಿ ಬಹಳ ಅದ. ಅದು ಅವರ ಮತದ ಸಿದ್ಧಾಂತ, ಅದನ್ನ ಜಗಳಾಡಲು ನಾನು ಕೂತಿಲ್ಲ. ಆದರೆ ಬಿದ್ದವನಿಗೆ ಆ ಲೆಕ್ಕ ಉಪಯೋಗಕ್ಕೆ ಬರೋದಿಲ್ಲ. "ಅದು ಬ್ರಾಹ್ಮಣರ ಹಾಡು, ನಿನಗ್ಯಾಕ?" ಅಂತ ನಮ್ಮವರೂ ಕೇಳ್ಯಾರ, "ಇದು ನಿಮಗೆ ತಿಳಿಯೋದಿಲ್ಲ" ಅಂತ ಅವರೂ ಅಂದಾರ. ಇಬ್ಬರಿಗೂ ನನ್ನ ಉತ್ತರ ಒಂದೇ: ಕೃಷ್ಣೆ ನೀರು ಯಾರ ಹೊಲದ ಬದುವಿಗೆ ಬಂದದನೋ ಅವರು ಉಣಿಸಿಕೊಳ್ಳತಾರ. ನಮ್ಮ ಮೇಳದಲ್ಲಿ ಕಡಕೋಳ ಮಡಿವಾಳಪ್ಪನವರ ಪದವೂ ಹಾಡತೀವಿ, ಶರೀಫ ಸಾಹೇಬರ ಪದವೂ ಹಾಡತೀವಿ, ದಾಸರ ಪದವೂ ಹಾಡತೀವಿ.

ಮೂರನೆಯದು ದೊಡ್ಡ ಕೊರತೆ. ಆ ಮೆಟ್ಟಲಿನ ಪದ್ಯದಲ್ಲಿ ಏರೋದು ಅದ, ಇಳಿಯೋದು ಇಲ್ಲ. ಖರೇ ಬದುಕಿನಲ್ಲಿ ಇವತ್ತು ನಿಂತವ ನಾಳೆ ಮತ್ತೆ ಮಲಗತಾನ. ನಾನೇ ಸೀಗೆ ಹುಣ್ಣಿಮೆಗೆ ಎರಡನೇ ರೊಟ್ಟಿ ತಿಂದು, ಎಳ್ಳ ಅಮಾಸಿ ದಿನ ಚರಗ ಚೆಲ್ಲಲಿಕ್ಕೆ ಎಲ್ಲರೂ ಹೊಲಕ್ಕೆ ಹೊಂಟಾಗ ಮತ್ತೆ ಗೋಡೆಗೆ ಮುಖ ಮಾಡಿದೆ. ಪ್ರತಿ ವರ್ಷ ಚರಗದ ಬುತ್ತಿ ಕಟ್ಟತಿದ್ದವಳು ಇರಲಿಲ್ಲ. ಇಂಥ ದಿನಕ್ಕೆ ಗ್ರಂಥದಲ್ಲಿ ಪದ್ಯ ಸಿಗಲಿಲ್ಲ. ಸಿಕ್ಕಿದ್ದು ನಮ್ಮವ್ವನ ಬೀಸುವ ಪದಗಳ ನೆನಪಿನಲ್ಲಿ. ಬೀಸುವ ಹೆಣ್ಣುಮಕ್ಕಳ ಹಾಡಿಗೆ ಮೇಲೆ-ಕೆಳಗೆ ಇಲ್ಲ. ಕಲ್ಲು ತಿರುಗಿದಂಗ ಅದು ಸುತ್ತಿ ಸುತ್ತಿ ಬರತದ. ತವರು ನೆನೆಸತಾರ, ಅಳತಾರ, ಮತ್ತೆ ಮಗನ ಹೊಗಳತಾರ, ಮತ್ತೆ ಅಳತಾರ. ಅಳುವಾಗಲೂ ಕೈ ಗೂಟ ಬಿಡೋದಿಲ್ಲ, ಹಿಟ್ಟು ಬೀಳತಲೇ ಇರತದ. ದುಃಖ ಮುಗಿದ ಮೇಲೆ ಕೆಲಸ ಅಂತ ಅವರು ಕಾಯಲಿಲ್ಲ. ಕಾದಿದ್ದರೆ ನಾವು ಉಪವಾಸ ಸಾಯತಿದ್ದೆವು. ದಾಸರ ಪದ್ಯಕ್ಕೆ ಈ ಬೀಸುವ ಪದ ಜೋಡಿಸಿದರೆ ಲೆಕ್ಕ ಪೂರಾ ಆಗತದ ಅಂತ ನನ್ನ ತಿಳುವಳಿಕೆ.

ಹಾಡು ನಡೆಸಿ ನೋಡಿದ ಮೇಲೆ ಅದು ಹೊಲದಲ್ಲಿ ಹೆಂಗ ದುಡೀತದ ಅಂತಲೂ ಹೇಳಬೇಕಲ್ಲ.

ಎರಡು ವರ್ಷದ ಹಿಂದೆ ನಮ್ಮ ಓಣಿಯ ಒಬ್ಬ ಹುಡುಗ ಮನೆಯಿಂದ ಹೊರಗೆ ಬರೋದು ಬಿಟ್ಟ. ಹತ್ತಿ ಕೈಕೊಟ್ಟಿತ್ತು, ಸಾಲ ಇತ್ತು, ಆಗಬೇಕಿದ್ದ ಲಗ್ನ ಮುರಿದಿತ್ತು. ಅವನ ಅವ್ವ ನನ್ನ ಹತ್ತಿರ ಬಂದು, "ಯಣ್ಣಾ, ನೀನಾರ ಬಂದು ನಾಕು ಬುದ್ಧಿ ಮಾತು ಹೇಳು" ಅಂದಳು. ನಾನು, "ಬುದ್ಧಿ ಹೇಳೋದಿಲ್ಲವ್ವ, ಹಾಡಲಿಕ್ಕೆ ಬರತೀನಿ" ಅಂದೆ. ಸಂಜೆ ಮುಂದ ನಾವು ನಾಲ್ಕು ಮಂದಿ ಅವರ ಕಟ್ಟಿ ಮೇಲೆ ಕೂತೆವು. ಒಳಗೆ ಕತ್ತಲೆಯಲ್ಲಿ ಅವ ಮಲಗಿದ್ದ. ಧನ್ವಂತ್ರಿ ಪದ ಹಾಡಿದೆವು, ನಿಧಾನಕ್ಕೆ. ಒಳಗೆ ಹೋಗಲಿಲ್ಲ, ಅವನನ್ನ ಕರೆಯಲಿಲ್ಲ. ಚಹಾ ಕುಡಿದು ಬಂದೆವು. ವಾರಕ್ಕೆ ಒಂದು ಸಲ ಹಂಗೇ ಹೋದೆವು. ಮೂರನೇ ವಾರ ಒಳಗಿನಿಂದ ದನಿ ಬಂತು: "ಕಾಕಾ, ಅದರಾಗ ಇವನು ಇವನು ಅಂತೀರಲ್ಲ, ಯಾರವ?" ನಾನು, "ಇವತ್ತು ನೀನು. ನಾ ಮಲಗಿದ್ದಾಗ ನಾನು" ಅಂದೆ. ಮತ್ತೆ ಮಾತಿಲ್ಲ. ಐದನೇ ವಾರ ಹೊಸ್ತಿಲಿಗೆ ಬಂದು ಕೂತ.

ಹಾಡೊಂದರಿಂದಲೇ ಆತ ಎದ್ದ ಅಂತ ಹೇಳಿದರೆ ನಾನು ಸುಳ್ಳು ಹೇಳಿದಂಗ. ಆ ನಡುವೆ ಅವನ ಮಾವ ಅವನನ್ನ ದವಾಖಾನೆಗೆ ಕರಕೊಂಡು ಹೋಗಿ ಮನಸ್ಸಿನ ಡಾಕ್ಟರಿಗೆ ತೋರಿಸಿದರು, ಗುಳಿಗಿ ತಿಂದ, ನಿದ್ದಿ ಬಂತು. ಹೊಡೆಯುವ ಎಣ್ಣಿ ಡಬ್ಬಿಗಳನ್ನ ನಾವೇ ಅವರ ಮನೆಯಿಂದ ತೆಗೆದು ಬೇರೆ ಕಡೆ ಇಟ್ಟೆವು. ಮಾಸ್ತರರು ಟೆಲಿ ಮಾನಸ್ ಅನ್ನುವ ಸರ್ಕಾರಿ ಫೋನ್ ಸೇವೆಯ 14416 ನಂಬರನ್ನ ಗೋಡೆಯ ಮೇಲೆ ಬರೆದು ಬಂದರು. 2022ರಲ್ಲಿ ಸುರುವಾದದ್ದು, ರೊಕ್ಕ ಬೀಳೋದಿಲ್ಲ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ಗೋಪಾಲದಾಸರೂ ಬರೀ ಹಾಡಿ ಕಳಿಸಲಿಲ್ಲ, ರೊಟ್ಟಿ ಕೊಟ್ಟರು ಅನ್ನೋದು ನೆನಪಿಡ್ರಿ. ಮನುಷ್ಯ ವಾರಗಟ್ಟಲೆ ಉಣ್ಣದೆ, ನಿದ್ದಿ ಇಲ್ಲದೆ, ಸಾಯುವ ಮಾತಾಡಿದರೆ ಅವತ್ತೇ ಡಾಕ್ಟರ ಕಡೆ ಹೊರಡಬೇಕು. ಹಾಡು ಗಾಡಿಯ ಹಿಂದೆ ಬರತದ, ಮುಂದೆ ಅಲ್ಲ.

ಕಡೆಗೆ ನಮ್ಮ ನುಡಿಯ ಬಗ್ಗೆ ಎರಡು ಮಾತು. ಗದ್ವಾಲ, ಆಲಂಪುರ ತಾಲೂಕುಗಳು 1956ರ ತನಕ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಆ ವರ್ಷ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲೂಕು ಆಂಧ್ರಕ್ಕೆ ಬಂದವು. ಈಗ ತೆಲಂಗಾಣ, ಗದ್ವಾಲ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ ಬೇರೆ ಜಿಲ್ಲೆ ಆದವು. ಗೆರೆ ಎಷ್ಟು ಸಲ ಹಾಕಿದರೂ ಉತ್ತನೂರು, ಮಾನ್ವಿ, ಚೀಕಲಪರ್ವಿ ಇದ್ದಲ್ಲೇ ಅವ. ಆದರೆ ಆ ಹಾಡುಗಳನ್ನ ಓದುವ ಕಣ್ಣು ನಮ್ಮ ಕಡೆ ಕಮ್ಮಿ ಆಗಲಿಕ್ಕೆ ಹತ್ಯಾವ. ಕೃಷ್ಣಾ, ಮಕ್ತಲ ಕಡೆಯ ಕನ್ನಡ ಶಾಲೆಗಳ ಮಾಸ್ತರರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಮೇಳಕ್ಕೆ ಬರುವ ಹುಡುಗರು ಈ ಕನ್ನಡ ಪದಗಳನ್ನ ನೋಟುಬುಕ್ಕಿನಲ್ಲಿ ತೆಲುಗು ಅಕ್ಷರದಲ್ಲಿ ಬರಕೊಳ್ಳತಾರ. ಮೊದಲು ನನಗೆ ಸಿಟ್ಟು ಬರತಿತ್ತು. ಈಗ ಬರೋದಿಲ್ಲ. ಮಲಗಿಕೊಂಡು ಹಾಡಿದರೂ ನಡೀತದ ಅಂತ ಒಪ್ಪಿದವನು, ತೆಲುಗು ಅಕ್ಷರದಲ್ಲಿ ಹಾಡಿದರೆ ನಡೆಯೋದಿಲ್ಲ ಅನ್ನಲು ಹೆಂಗ ಆಗತದ? ತಲಕಟ್ಟು ಒಂದಿಷ್ಟು ತಿದ್ದಿದರೆ ಅದೇ ಕನ್ನಡ. ಮಾಸ್ತರರೆ, ಅಷ್ಟು ತಿದ್ದುವ ಕೆಲಸ ನಿಮ್ಮದು.

ಏಕತಾರಿಗೆ ಹೊಸ ತಂತಿ ಹಾಕಿಸಿದೀನಿ. ಆ ಓಣಿಯ ಹುಡುಗ ಈಗ ನಮ್ಮ ಮೇಳದಲ್ಲಿ ತಾಳ ಹಿಡೀತಾನ; ಒಂದು ಮಾತ್ರೆ ಹಿಂದೆ ಬೀಳತಾನ, ಬಿದ್ದರೆ ಬೀಳಲಿ. ಪ್ರತಿ ಏಕಾದಶಿ ರಾತ್ರಿ ವಾಚನಾಲಯದ ಪಡಸಾಲೆಯಲ್ಲಿ ಕೂಡತೀವಿ. ನಿಮ್ಮ ಓಣಿಯಲ್ಲಿ ಯಾರಾದರೂ ಮಲಗಿದ್ದರೆ ಸುದ್ದಿ ಕೊಡ್ರಿ, ನಾವು ಬರತೀವಿ. ಮೈಕು ಬ್ಯಾಡ, ಹಾರ ಬ್ಯಾಡ. ಕಟ್ಟಿ ಮೇಲೆ ನಾಲ್ಕು ಮಂದಿ ಕೂಡುವಷ್ಟು ಜಾಗ ಮಾಡಿ, ಬಾಗಿಲು ಒಂದಿಷ್ಟು ತೆರೆದಿಟ್ಟರೆ ಸಾಕು.